ಪ್ರಿ ದ ಲಾರ್ಕ್ ದ ತ್ರಿಯಾಂಫ್: ಓಟದ ಇತಿಹಾಸ

ಪ್ಯಾರಿಸ್ಸಿನ ಪಶ್ಚಿಮದಂಚಿನಲ್ಲಿರುವ ಬ್ವಾ ದ ಬೂಲೋನ್ ವನದ ಲಾಂಶಾಂ ಮೈದಾನದಲ್ಲಿ ಪ್ರತಿ ವರ್ಷ ಅಕ್ಟೋಬರ್ ತಿಂಗಳ ಮೊದಲ ಭಾನುವಾರ ನಡೆಯುವ ಕುದುರೆ ಓಟ. ದೂರ 2400 ಮೀಟರ್; ಹಾದಿಯಲ್ಲಿ ಬೇಲಿ, ಹಳ್ಳಗಳ ಅಡ್ಡಿಯಿಲ್ಲ, ಪೂರ್ತಿ ಹುಲ್ಲುನೆಲ. 3 ವರ್ಷ ತುಂಬಿದ ಥರೋಬ್ರೆಡ್ ಗಂಡು ಹೆಣ್ಣು ಕುದುರೆಗಳು ಒಟ್ಟಿಗೆ ಓಡುತ್ತವೆ. ರೇಸ್ ಜಗತ್ತು ಇದನ್ನು 'ಆರ್ಕ್' ಎಂದಷ್ಟೇ ಕರೆಯುತ್ತದೆ. 1920ರಿಂದ 2025ರವರೆಗೆ 104 ಸಲ ನಡೆದಿದೆ. 1939 ಮತ್ತು 1940ರಲ್ಲಿ ನಡೆಯಲಿಲ್ಲ. ವಿಜೇತರ ಪಟ್ಟಿ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಆದರೆ ಅದರ ಕೆಲವು ಸಾಲುಗಳ ಹಿಂದೆ ಓಟದ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳ ತೀರ್ಪು, ಯುದ್ಧ ಮತ್ತು ಬದಲಾದ ಮೈದಾನಗಳ ಕಥೆ ಇದೆ. ಅದು ಗೊತ್ತಿಲ್ಲದೆ ಪಟ್ಟಿಯನ್ನು ಓದಿದರೆ ತಪ್ಪು ತಿಳಿವಳಿಕೆ ಉಳಿಯುತ್ತದೆ.

ಹುಟ್ಟು

ಫ್ರಾನ್ಸಿನ ರೇಸ್ ಆಡಳಿತ ನೋಡಿಕೊಳ್ಳುತ್ತಿದ್ದ ಸೊಸಿಯೆತೆ ದಾಂಕುರಾಜ್ಮಾಂ ಸಂಸ್ಥೆ ಮೊದಮೊದಲು ತನ್ನ ಓಟಗಳನ್ನು ಫ್ರಾನ್ಸಿನಲ್ಲೇ ಹುಟ್ಟಿ ಬೆಳೆದ ಕುದುರೆಗಳಿಗೆ ಮೀಸಲಿಟ್ಟಿತ್ತು. 1863ರಲ್ಲಿ ಆರಂಭವಾದ ಗ್ರಾಂ ಪ್ರಿ ದ ಪಾರಿ 3 ವರ್ಷದ ಕುದುರೆಗಳ ಮಟ್ಟಿಗೆ ಈ ಬಾಗಿಲನ್ನು ಹೊರದೇಶಗಳಿಗೂ ತೆರೆಯಿತು. 1893ರ ಪ್ರಿ ದು ಕಾನ್ಸೆಯ್ ಮ್ಯುನಿಸಿಪಾಲ್ ಬೇರೆ ಬೇರೆ ವಯಸ್ಸಿನ ಕುದುರೆಗಳನ್ನು ಒಂದೇ ಕಣಕ್ಕೆ ತಂದಿತು. ಆದರೆ ಅಲ್ಲಿ ಹಿಂದೆ ಗೆದ್ದ ಕುದುರೆ ಹೆಚ್ಚು ಭಾರ ಹೊರಬೇಕಾಗಿತ್ತು. ನಿಜವಾಗಿ ಯಾವುದು ಮೇಲು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. 1920ರ ಜನವರಿಯಲ್ಲಿ ಸಂಸ್ಥೆಯ ಸಮಿತಿಯ ಮುಂದೆ ಬಂದ ಹೊಸ ಓಟದ ಪ್ರಸ್ತಾಪ ಈ ಕೊರತೆಯನ್ನು ನೀಗುವಂತಿತ್ತು. ಅದರಂತೆ ಭಾರವನ್ನು ವಯಸ್ಸು ಮತ್ತು ಲಿಂಗ ನೋಡಿ ಮಾತ್ರ ನಿಗದಿ ಮಾಡಬೇಕು, ಹಳೆಯ ಗೆಲುವಿಗೆ ದಂಡ ಹಾಕಬಾರದು. ಆರ್ಕ್‌ನ ಇತಿಹಾಸದಲ್ಲಿ ಅತಿ ದೊಡ್ಡ ನಿರ್ಧಾರ ಇದೇ. ತಳಿಯ ಪರೀಕ್ಷೆಯೇ ಉದ್ದೇಶವಾದ್ದರಿಂದ ಮೊದಲ ನೂರು ವರ್ಷ ಬೀಜ ಒಡೆಸಿದ ಕುದುರೆಗಳಿಗೆ ಇಲ್ಲಿ ಪ್ರವೇಶವಿರಲಿಲ್ಲ.

ಆಗಿನ್ನೂ ಮೊದಲ ಮಹಾಯುದ್ಧ ಮುಗಿದ ಹೊಸತು. ಮಿತ್ರಪಡೆಗಳು 1919ರಲ್ಲಿ ಮೆರವಣಿಗೆ ಹೊರಟ ವಿಜಯಕಮಾನಿನ ಹೆಸರನ್ನೇ ಓಟಕ್ಕೆ ಇಟ್ಟರು. 1882ರಲ್ಲೂ ಲಾಂಶಾಂನಲ್ಲಿ ಇದೇ ಹೆಸರಿನ ಸಣ್ಣ ಓಟವೊಂದು ನಡೆದಿತ್ತು. ಹಳೆಯ ದಾಖಲೆಗಳಲ್ಲಿ ಆ ಹೆಸರು ಕಂಡಾಕ್ಷಣ ಆರ್ಕ್‌ನ ಹುಟ್ಟನ್ನು ಹಿಂದಕ್ಕೆ ಒಯ್ಯಬೇಕಾಗಿಲ್ಲ. ಎರಡಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಮೊದಲ ಓಟ ನಡೆದದ್ದು 1920ರ ಅಕ್ಟೋಬರ್ 3ರಂದು. ಗೆದ್ದದ್ದು ಕಾಮ್ರೇಡ್. ಈ ಗೆಲುವು ಯಾವ ದೇಶಕ್ಕೆ ಸೇರಬೇಕು ಎಂಬಲ್ಲಿ ಬರಹಗಳು ಒಂದನ್ನೊಂದು ಹೋಲುವುದಿಲ್ಲ. ಕಾಮ್ರೇಡ್ ಕಿರಿಯನಾಗಿದ್ದಾಗ ಬರೀ 25 ಗಿನಿಗೆ ಮಾರಾಟವಾಗಿದ್ದ ಕುದುರೆ. ಅವನನ್ನು ಪಳಗಿಸಿದವರು ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಪೀಟರ್ ಗಿಲ್ಪಿನ್. ಸವಾರಿ ಮಾಡಿದ ಫ್ರಾಂಕ್ ಬುಲಕ್ ಆಸ್ಟ್ರೇಲಿಯಾದವರು. ಮಾಲೀಕರಾಗಿ ದಾಖಲಾದ ಎವ್ರಮಾಂ ದ ಸೇಂತಾಲರಿ ಫ್ರೆಂಚರು. ತರಬೇತಿಯ ನೆಲವನ್ನು ಆಧರಿಸಿ ದೇಶ ಗುರುತಿಸುವುದೇ ಇಂದಿನ ರೂಢಿ. ಆ ಲೆಕ್ಕದಲ್ಲಿ ಮೊದಲ ಆರ್ಕ್ ಇಂಗ್ಲೆಂಡಿನದು.

ನಂತರದ ಎರಡು ದಶಕಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಕ್ಸಾರ್ 1921 ಮತ್ತು 1922ರಲ್ಲೂ, ಮೋತ್ರಿಕೊ 1930 ಮತ್ತು 1932ರಲ್ಲೂ ಎರಡೆರಡು ಸಲ ಗೆದ್ದವು. 1929ರಲ್ಲಿ ಇಟಲಿಯ ಓರ್ತೆಲ್ಲೊ ಗೆದ್ದಿತು.

ಯುದ್ಧದ ವರ್ಷಗಳು

1939ರಲ್ಲಿ ಯುದ್ಧ ಶುರುವಾದಾಗ ಓಟ ನಿಂತಿತು. 1941ರಲ್ಲಿ ಜರ್ಮನ್ ಆಕ್ರಮಣದ ನೆರಳಿನಲ್ಲೇ ಮತ್ತೆ ನಡೆಯಿತು. ಇಂಗ್ಲಿಷ್ ಕುದುರೆಗಳು ಬರುವ ಮಾತೇ ಇರಲಿಲ್ಲ. 1943ರ ಏಪ್ರಿಲ್ 4ರಂದು ಅಮೆರಿಕದ ವಿಮಾನಗಳು ಹತ್ತಿರದ ರೆನೋ ಕಾರ್ಖಾನೆಯ ಮೇಲೆ ದಾಳಿ ಮಾಡಿದಾಗ ಕೆಲವು ಬಾಂಬುಗಳು ಲಾಂಶಾಂ ಮೈದಾನದ ಮೇಲೂ ಬಿದ್ದವು. ಅಂದು ಅಲ್ಲಿ ರೇಸ್ ದಿನ. ನೋಡಲು ಬಂದವರು ಸತ್ತರು. ಆ ವರ್ಷದ ಮತ್ತು 1944ರ ಆರ್ಕ್ ನಗರದ ಪೂರ್ವಕ್ಕಿದ್ದ ಲ ತ್ರಾಂಬ್ಲೆ ಮೈದಾನಕ್ಕೆ ಹೋದವು. ಅಲ್ಲಿ ದೂರ 2300 ಮೀಟರ್. ಹಾಗಾಗಿ ವೆರ್ಸೊ ಮತ್ತು ಆರ್ದಾಂ ಗೆದ್ದ ಈ ಎರಡು ಓಟಗಳ ಸಮಯವನ್ನು ಉಳಿದವುಗಳ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ತ್ರಾಂಬ್ಲೆಯಲ್ಲಿ ಇಂದು ರೇಸ್ ಇಲ್ಲ, ಸಾರ್ವಜನಿಕ ಉದ್ಯಾನವಿದೆ.

ಕುದುರೆಗಳೂ ಯುದ್ಧದ ಪಾಲಾದವು. 1934ರ ವಿಜೇತ ಬ್ರಾಂತೋಮ್ ಯಹೂದಿ ಮನೆತನದ ಎದುವಾರ್ ದ ರೋಥ್‌ಶೀಲ್ಡ್ ಅವರದು. ಜರ್ಮನ್ನರು ಅವನನ್ನು ವಶಪಡಿಸಿಕೊಂಡು ತಮ್ಮ ದೇಶಕ್ಕೆ ಒಯ್ದರು. ಯುದ್ಧ ಮುಗಿದ ಮೇಲೆ ಅವನು ಹಿಂದಿರುಗಿದ. ಬಟ್ಟೆ ಉದ್ಯಮಿ ಮಾರ್ಸೆಲ್ ಬೂಸಾಕ್ ಅವರ ಕೊರ್ರೀದಾ 1936 ಮತ್ತು 1937ರಲ್ಲಿ ಸತತವಾಗಿ ಗೆದ್ದ ಹೆಣ್ಣುಗುದುರೆ. 1944ರಲ್ಲಿ ನಾರ್ಮಂಡಿಯ ಕಾಳಗ ಅವಳಿದ್ದ ಲಾಯದ ಸುತ್ತಲೇ ನಡೆಯಿತು. ಆಮೇಲೆ ಅವಳು ಸಿಗಲೇ ಇಲ್ಲ. ಅವಳ ಮಗ ಕೊಆರಾಜ್ ಮರುವರ್ಷ ಪ್ರಿ ದು ಜಾಕಿ ಕ್ಲಬ್ ಓಟವನ್ನು ಗೆದ್ದ. ಬೂಸಾಕ್ ಅವರ ಕಿತ್ತಳೆ ಬಣ್ಣದ ಅಂಗಿ 1949ರೊಳಗೆ ಒಟ್ಟು 6 ಆರ್ಕ್ ಗೆದ್ದಿತು.

1949ರಲ್ಲಿ ಲಾಟರಿಯ ಹಣ ಸೇರಿ ಬಹುಮಾನ ಹಲವು ಪಟ್ಟು ಏರಿತು. ಹೊರದೇಶದ ಲಾಯಗಳು ಮತ್ತೆ ಇತ್ತ ಮುಖಮಾಡಿದ್ದಕ್ಕೆ ಇದೂ ಮುಖ್ಯ ಕಾರಣ. ಇಟಲಿಯ ರಿಬೋ 1955 ಮತ್ತು 1956ರಲ್ಲಿ ಗೆದ್ದು, 16 ಓಟಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾದ. 1965ರಲ್ಲಿ ಸೀ ಬರ್ಡ್ 6 ಕುದುರೆಯುದ್ದಗಳ ಅಂತರದಿಂದ ಗೆದ್ದ.

ಮೊದಲು ಮುಟ್ಟಿಯೂ ಗೆಲ್ಲದವರು

ಗುರಿಗೆರೆಯನ್ನು ಮೊದಲು ಮುಟ್ಟಿದ ಕುದುರೆಯೇ ವಿಜೇತ ಎಂದುಕೊಂಡರೆ ಮೂರು ವರ್ಷಗಳಲ್ಲಿ ತಪ್ಪುತ್ತದೆ. 1925ರಲ್ಲಿ ಕಾದುಮ್ ಮೊದಲು ಬಂದರೂ ಸ್ಟೀವರ್ಡ್‌ಗಳು ಅವನನ್ನು ಎರಡನೆಯ ಸ್ಥಾನಕ್ಕೆ ಇಳಿಸಿ ಪ್ರಿಯೋರಿಗೆ ಗೆಲುವು ಕೊಟ್ಟರು. 1959ರಲ್ಲಿ ಮಿಡ್‌ನೈಟ್ ಸನ್ ಮತ್ತು ಸೇಂಟ್ ಕ್ರೆಸ್ಪಿನ್ ಸರಿಸಮನಾಗಿ ಬಂದವು. ವಿಚಾರಣೆಯ ನಂತರ ಗೆಲುವು ಆಲಿ ಖಾನ್ ಅವರ ಸೇಂಟ್ ಕ್ರೆಸ್ಪಿನ್‌ಗೆ ಸಿಕ್ಕಿತು.

1985ರ ತೀರ್ಪು ಇವೆರಡಕ್ಕಿಂತ ಹೆಚ್ಚು ಚರ್ಚೆಗೆ ಬಂತು. ಹಿಂದಿನ ವರ್ಷದ ವಿಜೇತ ಸಗಾಸ್ ಕತ್ತಿನಷ್ಟು ಮುಂದೆ ಗುರಿಗೆರೆ ದಾಟಿದ. ಆದರೆ ಕೊನೆಯ ನೇರ ಹಾದಿಯಲ್ಲಿ ಅವನು ರೇನ್‌ಬೋ ಕ್ವೆಸ್ಟ್‌ಗೆ ಒರಸಿದ್ದ. ಸ್ಟೀವರ್ಡ್‌ಗಳು ಕ್ರಮವನ್ನು ತಿರುಗಿಸಿದರು. ಎರಡು ಸಲ ಗೆದ್ದವರ ಚಿಕ್ಕ ಪಟ್ಟಿಗೆ ಸಗಾಸ್ ಸೇರಲಿಲ್ಲ. ರೇನ್‌ಬೋ ಕ್ವೆಸ್ಟ್‌ನ ಸವಾರ ಪ್ಯಾಟ್ ಎಡರಿ 1986ರಲ್ಲಿ ಡ್ಯಾನ್ಸಿಂಗ್ ಬ್ರೇವ್ ಮೇಲೂ 1987ರಲ್ಲಿ ತ್ರೆಂಪೊಲಿನೊ ಮೇಲೂ ಗೆದ್ದರು. ಅವರ ಸತತ ಮೂರು ಗೆಲುವುಗಳಲ್ಲಿ ಮೊದಲನೆಯದು ಈ ವಿಚಾರಣೆಯ ಕೊಠಡಿಯಲ್ಲಿ ಬಂದದ್ದೆಂಬುದನ್ನು ದಾಖಲಿಸಲೇಬೇಕು.

2006ರ ತೀರ್ಪು ಬಂದದ್ದು ಓಟ ಮುಗಿದ ಮರುತಿಂಗಳು. ಜಪಾನಿನ ಡೀಪ್ ಇಂಪ್ಯಾಕ್ಟ್ ಮೂರನೆಯವನಾಗಿ ಬಂದಿದ್ದ. ಉಸಿರಾಟ ಸಲೀಸು ಮಾಡುವ ಇಪ್ರಾಟ್ರೋಪಿಯಂ ಔಷಧದ ಅಂಶ ಪರೀಕ್ಷೆಯಲ್ಲಿ ಪತ್ತೆಯಾದ್ದರಿಂದ ನವೆಂಬರಿನಲ್ಲಿ ಅವನನ್ನು ಅನರ್ಹಗೊಳಿಸಲಾಯಿತು. ರೇಲ್ ಲಿಂಕ್‌ನ ಗೆಲುವಿಗೆ ಧಕ್ಕೆಯಾಗಲಿಲ್ಲ. ಮೂರನೆಯ ಸ್ಥಾನ ಹರಿಕೇನ್ ರನ್‌ಗೆ ಹೋಯಿತು.

ಈಚಿನ ವರ್ಷಗಳು

2011ರಿಂದ 2018ರವರೆಗಿನ 8 ಓಟಗಳಲ್ಲಿ 7ನ್ನು ಹೆಣ್ಣುಗುದುರೆಗಳೇ ಗೆದ್ದವು. 2015ರ ಗೋಲ್ಡನ್ ಹಾರ್ನ್ ಮಾತ್ರ ಗಂಡು. ಹೆಣ್ಣುಗಳಿಗೆ ಸಿಗುವ 1.5 ಕಿಲೋ ಭಾರದ ರಿಯಾಯಿತಿ ಸರಿಯೇ ಎಂಬ ಚರ್ಚೆ ಆಗ ಬಿಸಿಯೇರಿತ್ತು. ಮುಂದಿನ ವರ್ಷಗಳಲ್ಲಿ ವಾಲ್ಡ್‌ಗೈಸ್ಟ್, ಸೊತ್ಸಾಸ್, ತೊರ್ಕಾತೊರ್ ತಾಸ್ಸೊ ಎಂಬ ಗಂಡುಗಳು ಸಾಲಾಗಿ ಗೆದ್ದವು. ರಿಯಾಯಿತಿಯೊಂದೇ ಆ ಗೆಲುವುಗಳಿಗೆ ಕಾರಣ ಎಂಬ ವಾದ ಅಷ್ಟರಮಟ್ಟಿಗೆ ದುರ್ಬಲವಾಯಿತು.

ಲಾಂಶಾಂ ಪುನರ್ನಿರ್ಮಾಣದಲ್ಲಿದ್ದಾಗ 2016 ಮತ್ತು 2017ರ ಓಟಗಳು ಶಾಂತಿಯಿ ಮೈದಾನದಲ್ಲಿ ನಡೆದವು. ದಾಖಲೆ ಸಮಯದ ಗೊಂದಲ ಹುಟ್ಟಿದ್ದು ಇಲ್ಲಿಂದ. ಶಾಂತಿಯಿಯಲ್ಲಿ ಫೌಂಡ್ ತೆಗೆದುಕೊಂಡದ್ದು 2 ನಿಮಿಷ 23.61 ಸೆಕೆಂಡು, ಲಾಂಶಾಂನಲ್ಲಿ ಡೇನ್‌ಡ್ರೀಮ್ 2011ರಲ್ಲಿ ತೆಗೆದುಕೊಂಡದ್ದು 2 ನಿಮಿಷ 24.49 ಸೆಕೆಂಡು. ದೂರ ಒಂದೇ ಆದರೂ ಇಳಿಜಾರು, ತಿರುವುಗಳು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ನಮೂದಿಸಬೇಕು. ಎನೇಬಲ್ 2017ರಲ್ಲಿ ಶಾಂತಿಯಿಯಲ್ಲೂ 2018ರಲ್ಲಿ ಲಾಂಶಾಂನಲ್ಲೂ ಗೆದ್ದಳು. ಆರ್ಕನ್ನು ಎರಡು ಮೈದಾನಗಳಲ್ಲಿ ಗೆದ್ದ ಕುದುರೆ ಅವಳೊಬ್ಬಳೇ.

ಜಪಾನಿನ ಪ್ರಯತ್ನ 1969ರಲ್ಲಿ ಸ್ಪೀಡ್ ಸಿಂಬೊಲಿಯಿಂದ ಶುರುವಾಯಿತು. ಎಲ್ ಕಾಂಡೋರ್ ಪಾಸಾ 1999ರಲ್ಲಿ, ನಕಾಯಾಮಾ ಫೆಸ್ತಾ 2010ರಲ್ಲಿ, ಓರ್‌ಫೆವ್ರ್ 2012 ಮತ್ತು 2013ರಲ್ಲಿ ಎರಡನೆಯ ಸ್ಥಾನ ಪಡೆದವು. 2012ರಲ್ಲಂತೂ ಓರ್‌ಫೆವ್ರ್ ಗೆದ್ದೇಬಿಟ್ಟ ಎನ್ನುವಾಗ ಸೊಲೆಮಿಯಾ ಕೊನೆಯ ಹೆಜ್ಜೆಗಳಲ್ಲಿ ಅವನನ್ನು ದಾಟಿದಳು. 2025ರವರೆಗೆ ಜಪಾನಿಗೆ ಗೆಲುವು ಸಿಕ್ಕಿಲ್ಲ. ಆ ವರ್ಷ ಗೆದ್ದ ದಾರಿಜ್ ಆಗಾ ಖಾನ್ ಮನೆತನದ ಕುದುರೆ. ಪುಣೆಯ ಆಗಾ ಖಾನ್ ಅರಮನೆಯಿಂದ ಭಾರತೀಯರಿಗೆ ಪರಿಚಿತರಾದ ಮೂರನೆಯ ಆಗಾ ಖಾನರು 1948ರಲ್ಲಿ ಮಿಗೋಲಿಯಿಂದ ಆರಂಭಿಸಿದ ಗೆಲುವುಗಳ ಸಾಲಿಗೆ ಇದು ಸೇರುತ್ತದೆ.