ಪರವಾನಗಿ

ಫಾರಸಿಯ ‘ಪರವಾನಾ’ ಎಂದರೆ ಅಧಿಕಾರಿ ಹೊರಡಿಸಿದ ಲಿಖಿತ ಆದೇಶ. ‘ಪರವಾನಗಿ’ ಬಂದದ್ದು ಅದರಿಂದ. ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಸೇರಿ, ಬಂದೂಕಿಗೂ ಗಣಿಗೂ ಅಂಗಡಿಗೂ ಬೇಕಾದ ಮಾತಾಯಿತು. 1870ರ ದಶಕದಲ್ಲಿ ಮೈಕೇಲ್ ಲ್ಯಾವೆಲ್ ಎಂಬಾತ ಚಿನ್ನಕ್ಕಾಗಿ ಕೋಲಾರದ ನೆಲ ಅಗೆಯಲು ಮೈಸೂರು ಸರ್ಕಾರದಿಂದ ಪಡೆದದ್ದೂ ಇದನ್ನೇ.

ಪರವಾನಗಿ ಬೇರೆ, ಗುರುತು ಬೇರೆ. 1930ರಲ್ಲಿ ಕೋಲಾರದ ಚಿನ್ನದ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮದ ವಿರುದ್ಧ. ಗುರುತು ಕೇಳುವುದೂ ಒಂದು ಅಧಿಕಾರವೇ.

ಈಗ ಅದೇ ಕೋಲಾರ ಸೀಮೆಯ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಕಂಪ್ಯೂಟರ್ ಕೆಲಸದವರೂ ಇದ್ದಾರೆ. ಅವರು ಬಳಸುವ ಕ್ಲೌಡ್‌ನಲ್ಲೂ, ಎಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಕಂಪ್ಯೂಟರ್‌ಗಳಲ್ಲೂ, ಗುರುತು ಬೇರೆ, ಪರವಾನಗಿ ಬೇರೆ. ಪಾಸ್‌ವರ್ಡ್, ಒಟಿಪಿ ಹೇಳುವುದು ನೀವು ಯಾರೆಂದು ಮಾತ್ರ. ಯಾವ ಫೈಲ್ ಓದಬಹುದು, ಯಾವ ಸರ್ವರ್ ಅಳಿಸಬಹುದು ಎನ್ನುವುದು ಪರವಾನಗಿ. ಅದನ್ನು ಒಬ್ಬೊಬ್ಬರಿಗೂ ಬಿಡಿಯಾಗಿ ಕೊಡುವ ಬದಲು ‘ರೋಲ್’ಗೆ, ಎಂದರೆ ಹೊಣೆಗೆ ತಕ್ಕಂತೆ, ಕೆಲಸಕ್ಕೆ ಬೇಕಾದಷ್ಟೇ ಕೊಡುವುದು ಒಳ್ಳೆಯ ಪದ್ಧತಿ.

ಫೋನಿನ ಪರದೆ ಇದನ್ನೇ ‘ಅನುಮತಿ’ ಎನ್ನುತ್ತದೆ. ನನಗೆ ಹಿಡಿಸುವುದು ಪರವಾನಗಿಯೇ. ಅನುಮತಿ ಬಾಯಿಮಾತಿನಲ್ಲೂ ಮುಗಿಯುತ್ತದೆ. ಪರವಾನಗಿಗೆ ಬರಹ, ಮಿತಿ, ಅವಧಿ ಇರುತ್ತವೆ, ಕೆಲಸ ಬಿಟ್ಟವರದ್ದನ್ನು ಅದೇ ದಿನ ರದ್ದು ಮಾಡಲೂ ಬರುತ್ತದೆ.