ಚಾಂಪೋ ಶಾಂಪೂ ಆದ ಕಥೆ

ಕಿರಾಣಿ ಅಂಗಡಿಯ ಬಾಗಿಲಲ್ಲಿ ತೋರಣದಂತೆ ತೂಗುವ ಶಾಂಪೂ ಪೊಟ್ಟಣಗಳನ್ನು ನೋಡಿದವರು ಅದನ್ನು ಇಂಗ್ಲಿಷ್ ಪದವೆಂದೇ ತಿಳಿಯುತ್ತಾರೆ. ಆದರೆ ಅದು ಹಿಂದುಸ್ತಾನಿಯ 'ಚಾಂಪೋ'. ಒತ್ತು, ಅಮುಕು ಎಂದರ್ಥ. ಕ್ಷೌರದಂಗಡಿಯಲ್ಲಿ ನಾವು ಮಾಡಿಸಿಕೊಳ್ಳುವ 'ಚಂಪಿ' ಅದರದೇ ಬಳಗದ ಮಾತು.

ಈ ಪದಕ್ಕೂ ಕಲೆಗೂ ಇಂಗ್ಲೆಂಡಿನಲ್ಲಿ ಹೆಸರು ತಂದವರು ಶೇಖ್ ದೀನ್ ಮುಹಮ್ಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಈಸ್ಟ್ ಇಂಡಿಯಾ ಕಂಪೆನಿ ಸೇನೆಯ ಐರಿಶ್ ಅಧಿಕಾರಿಯೊಬ್ಬರ ಬೆನ್ನು ಹಿಡಿದರು. 1784ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದರು. ಆಂಗ್ಲಿಕನ್ ಮತ ಸ್ವೀಕರಿಸಿ ಐರಿಶ್ ಯುವತಿಯನ್ನು ಮದುವೆಯಾದರು. ಹೆಸರಿನ ಮುಹಮ್ಮದ್ ಮಾತ್ರ ಕೊನೆಯವರೆಗೂ ಉಳಿಯಿತು. 1794ರಲ್ಲಿ ಅವರು ಬರೆದ ಪ್ರವಾಸಕಥನ, ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೊದಲ ಪುಸ್ತಕ. 1810ರಲ್ಲಿ ಲಂಡನ್ನಿನಲ್ಲಿ ಹಿಂದುಸ್ತಾನಿ ಊಟದ ಕಾಫಿಹೌಸ್ ತೆರೆದು, ಎರಡೇ ವರ್ಷದಲ್ಲಿ ದಿವಾಳಿಯಾದರು.

ಬಳಿಕ ಕಡಲತೀರದ ಬ್ರೈಟನ್ ಕೈಹಿಡಿಯಿತು. 1821ರ ಹೊತ್ತಿಗೆ ಅಲ್ಲಿ 'ಮಹಮದ್ಸ್ ಬಾತ್ಸ್' ಎದ್ದು ನಿಂತಿತ್ತು. ಗಿಡಮೂಲಿಕೆಗಳ ಹಬೆಯಲ್ಲಿ ಬೆವರಿದ ರೋಗಿಯನ್ನು ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಕೂರಿಸಿ, ಹೊರಗಿನಿಂದ ತೋಳುಗಳನ್ನಷ್ಟೇ ತೂರಿಸಿ ಮೈ ಒತ್ತುತ್ತಿದ್ದರು. ದೊರೆ ನಾಲ್ಕನೇ ಜಾರ್ಜ್, ಅನಂತರ ನಾಲ್ಕನೇ ವಿಲಿಯಂ ಅವರನ್ನು 'ಶಾಂಪೂಯಿಂಗ್ ಸರ್ಜನ್' ಆಗಿ ನೇಮಿಸಿಕೊಂಡರು. ಶಾಂಪೂ ಎಂದರೆ ಕೂದಲು ತೊಳೆಯುವುದು ಎಂಬ ಅರ್ಥ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ.

ಆದರೆ ಒಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ತನ್ನ ಚಿಕಿತ್ಸೆಯ ಪುಸ್ತಕದಲ್ಲಿ ಅವರು ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿ, ಆ ಅವಧಿಯಲ್ಲಿ ವೈದ್ಯಕೀಯ ಕಲಿತೆನೆಂದು ಹೇಳಿಕೊಂಡರು. ಕೈಯ ಕಸುಬು ಸಾಲಲಿಲ್ಲ, ಅದಕ್ಕೆ ಡಾಕ್ಟರಿಕೆಯ ಅಂಗಿ ಬೇಕಾಯಿತು.

ಅವರನ್ನು ನೋಡಿ ನಗುವ ಹಕ್ಕು ನಮಗುಂಟೇ? ನಮ್ಮಲ್ಲಿ 'ಹಜಾಮ' ಎಂಬುದು ಇಂದಿಗೂ ಬೈಗುಳ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು, ಹಜಾಮರ ಮನೆಯಿಂದ ಸಂಬಂಧ ಬಂದರೆ ಮಾತು ಮರೆಸುತ್ತೇವೆ. ಗಾಜಿನ ಬಾಗಿಲಿನ ಸ್ಪಾದಲ್ಲಿ ಅದೇ ಕೆಲಸಕ್ಕೆ ಸಾವಿರಾರು ರೂಪಾಯಿ ಎಣಿಸುತ್ತೇವೆ, ಮೂಲೆಯ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

1851ರಲ್ಲಿ ದೀನ್ ಮುಹಮ್ಮದ್ ಬ್ರೈಟನ್ನಿನಲ್ಲೇ ತೀರಿಕೊಂಡರು. ಪದ ಜಗತ್ತನ್ನೆಲ್ಲ ಸುತ್ತಿ ಪೊಟ್ಟಣದಲ್ಲಿ ನಮ್ಮ ಮನೆಗೆ ಮರಳಿತು. ಆ ಕೈಗಳಿಗೆ ಸಲ್ಲಬೇಕಾದ ಮರ್ಯಾದೆ ಮಾತ್ರ ಇನ್ನೂ ಮರಳಿಲ್ಲ.