ಗೋಡೆಯ ಹೊಟ್ಟಿನಿಂದ ಕಾಂಕ್ರೀಟಿನ ನಾರಿನವರೆಗೆ

"ಹೊಟ್ಟ ಹಾಕಲಿಲ್ಲಂದ್ರ ಗ್ವಾಡಿ ಬಿರಿತೈತಿ, ತಮ್ಮಾ." ಚಿಕ್ಕವನಿದ್ದಾಗ ಮಣ್ಣು ತುಳಿಯುತ್ತ ಅಜ್ಜಿ ಹೇಳಿದ್ದ ಮಾತಿದು. ಮೊನ್ನೆ ಶಾಲೆಯ ತೊಲೆಯಲ್ಲಿ ಬಿರುಕು ಬಿಟ್ಟಿದ್ದನ್ನು ಮಕ್ಕಳು ತೋರಿಸಿದಾಗ ನೆನಪಾಯಿತು. ಜತ್ತ ಸೀಮೆಯ ನಮ್ಮ ಮಾಳಿಗೆ ಮನೆಗಳ ಆ ತಿಳಿವಳಿಕೆಗೂ ಇಂದಿನ ಕಾಂಕ್ರೀಟಿಗೂ ನಂಟಿದೆ.

ತೊಲೆಯ ಮೇಲೆ ಭಾರ ಬಿದ್ದಾಗ ನಡುವೆ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತ ತಾಳುವ ಶಕ್ತಿ ಅದರ ಸುಮಾರು ಹತ್ತನೇ ಒಂದು ಪಾಲು ಮಾತ್ರ! ಅದಕ್ಕೇ ಕಬ್ಬಿಣದ ಸರಳು ಬೇಕು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಕಬ್ಬಿಣದ ಬಲೆ ಇಟ್ಟ ಸಿಮೆಂಟಿನ ಗಿಡದ ತೊಟ್ಟಿಗೆ ಪೇಟೆಂಟ್ ಪಡೆದ. 1892ರಲ್ಲಿ ಫ್ರಾನ್ಸ್ವಾ ಎನ್ನೆಬಿಕ್ ಸರಳು ಹಾಕಿದ ತೊಲೆಗಳ ತನ್ನ ಪದ್ಧತಿಗೆ ಪಡೆದ.

ಆದರೆ ಸರಳು ಇದ್ದರೂ ಕಾಂಕ್ರೀಟಿನಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ. ಅದು ಅಗಲವಾದರೆ ನೀರು ಇಳಿಯುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟು ಉದುರುತ್ತದೆ. 1963ರಲ್ಲಿ ಅಮೆರಿಕದ ಜೇಮ್ಸ್ ರೊಮುವಾಲ್ಡಿ ಮತ್ತು ಗಾರ್ಡನ್ ಬ್ಯಾಟ್ಸನ್, ತಂತಿಗಳನ್ನು ಒತ್ತೊತ್ತಾಗಿ ಇಟ್ಟರೆ ಬಿರುಕು ಬೆಳೆಯುವುದಕ್ಕೆ ತಡೆ ಬೀಳುತ್ತದೆ ಎಂದು ತೋರಿಸಿದರು. ಮರುವರ್ಷ ರೊಮುವಾಲ್ಡಿ ಮತ್ತು ಮ್ಯಾಂಡೆಲ್ ತುಂಡು ತಂತಿಗಳನ್ನೇ ಕಾಂಕ್ರೀಟಿಗೆ ಬೆರೆಸಿ ಪರೀಕ್ಷಿಸಿದರು. ಅಜ್ಜಿಯ ಹೊಟ್ಟಿನಂತೆಯೇ ಅಲ್ಲವೇ? ನಾರು ಬಿರುಕಿನ ಎರಡೂ ದಡ ಹಿಡಿದು ನಿಲ್ಲುತ್ತದೆ.

ಸೋತ ತೊಲೆಗೂ ಇದೇ ಮದ್ದು. ಸಡಿಲಾದ ಕಾಂಕ್ರೀಟು ಕೆತ್ತಿ, ತುಕ್ಕು ತೆಗೆದು, ಮೈಯನ್ನು ಒರಟು ಮಾಡಿ, ಎಳೆತ ಇರುವ ಕಡೆಗೆ ನಾರಿನ ಕಾಂಕ್ರೀಟಿನ ತೆಳು ಪದರ ಕೂಡಿಸುತ್ತಾರೆ. ಹಳೆಯದೂ ಹೊಸದೂ ಒಂದಾಗಿ ಅಂಟಿದರಷ್ಟೇ ಬಲ, ಇಲ್ಲದಿದ್ದರೆ ಪದರ ಸಿಪ್ಪೆಯಂತೆ ಬಿಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1969ರಲ್ಲಿ ಮುಗಿದ ಶಿಯೋನ್ ಸೇತುವೆಗಳು ಸುಮಾರು 2 ಕಿಲೋಮೀಟರ್ ಉದ್ದ. ಕಾಂಕ್ರೀಟಿನೊಳಗಿನ ಜಲ್ಲಿಯೇ ಸಿಮೆಂಟಿನ ಕ್ಷಾರದೊಡನೆ ಸೇರಿ ಉಬ್ಬುವ ರೋಗ ಅವಕ್ಕೆ ತಗುಲಿತ್ತು. 2014-15ರಲ್ಲಿ ಅವುಗಳ ಮೇಲ್ಚಪ್ಪಡಿಗೆ ಸುಮಾರು 40 ಮಿಲಿಮೀಟರ್ ದಪ್ಪದ ನಾರಿನ ಪದರ ಹಾಕಿದರು. ಮೇಲೇಕೆ ಎಂದು ಕೇಳಬಹುದು. ಸಾಲಾಗಿ ಸಾಗುವ ಸೇತುವೆಯಲ್ಲಿ ಕಂಬದ ನೆತ್ತಿಯ ಬಳಿ ಎಳೆತ ಮೇಲ್ಗಡೆಯೇ ಇರುತ್ತದೆ. ನೀರು ಇಳಿಯುವುದೂ ಅಲ್ಲಿಂದಲೇ. ಸೇತುವೆ ಕೆಡವದೆ ಉಳಿಯಿತು.

ನಮ್ಮಲ್ಲಿ ಬಿರುಕು ಕಂಡರೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುತ್ತೇವೆ. ಅದು ಬಿರುಕನ್ನು ಮುಚ್ಚುತ್ತದೆ, ಹಿಡಿಯುವುದಿಲ್ಲ. ಆ ತೊಲೆಯ ಕೆಳಗೆ ಕೂರುವವರು ಮಕ್ಕಳು. ಮೊದಲು ಬಲ್ಲ ಎಂಜಿನಿಯರರಿಗೆ ತೋರಿಸೋಣ. ಅಲ್ಲಿಯವರೆಗೆ ಬೆಂಚುಗಳನ್ನು ಬೇರೆ ಕೋಣೆಗೆ ಸರಿಸೋಣ.